ಉಗ್ರಾಣದಲ್ಲಿ ಬೆಳೆದ ಹರಳು

ಸೋಸಲೆ
8 ಜನವರಿ 1984, ಭಾನುವಾರ

ಮಗಳು ಚಂಪಕ ಮಧ್ಯಾಹ್ನದ ಬಸ್ಸಿಗೆ ಬಂದಳು. ಬೆಂಗಳೂರಿನಿಂದ ಬರುವ ಮೊಮ್ಮಗಳು ಏನಾದರೂ ತರುತ್ತಾಳೆಂದು ಅತ್ತೆ ಜಗಲಿಯಲ್ಲೇ ಕೂತಿದ್ದರು. ತಂದದ್ದು ಐಸು ತುಂಬಿದ ಒಂದು ಫ್ಲಾಸ್ಕು, ಎರಡು ಪ್ಲಾಸ್ಟಿಕ್ ತಟ್ಟೆ, ಒಂದು ಡಬ್ಬಿ ಗ್ರೀಸು. ಊಟಕ್ಕೂ ಕೂರದೆ ಉಗ್ರಾಣಕ್ಕೆ ನುಗ್ಗಿದಳು. ಬೆಲ್ಲದ ಡಬ್ಬವನ್ನೂ ಹುಣಸೆಹಣ್ಣಿನ ಜಾಡಿಯನ್ನೂ ಕೆಳಗಿಳಿಸಿ ಕಲ್ಲುಹಲಗೆಯನ್ನು ತನ್ನದು ಮಾಡಿಕೊಂಡಳು.

ಅವಳ ಮಾತಿನಲ್ಲಿ ನನಗೆ ಅರ್ಥವಾದದ್ದಿಷ್ಟು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಗಂಜಿಯನ್ನು, ಅಂದರೆ ಪಿಷ್ಟವನ್ನು, ಒಡೆದು ಸಕ್ಕರೆ ಮಾಡಿಕೊಂಡು ತಿನ್ನುತ್ತದೆ. ಒಡೆಯುವುದು ಅದರೊಳಗಿನ ಒಂದು ಕಿಣ್ವ. ಆ ಕಿಣ್ವದ ಆಕಾರ ಹೇಗಿದೆಯೋ ಯಾರಿಗೂ ಗೊತ್ತಿಲ್ಲ. ಅದನ್ನು ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸಿದರೆ ಆಕಾರವನ್ನು ಲೆಕ್ಕ ಹಾಕಿ ತೆಗೆಯಬಹುದಂತೆ. ಎರಡು ವರ್ಷದಿಂದ ಹರಳೇ ಕಟ್ಟುತ್ತಿಲ್ಲ. ಅವಳು ಸಂಶೋಧನೆ ಮಾಡುವ ಲ್ಯಾಬಿನ ಪಕ್ಕದಲ್ಲಿ ಹೊಸ ಕಟ್ಟಡಕ್ಕೆ ಬಂಡೆ ಒಡೆಯುತ್ತಿದ್ದಾರೆ. ಕರೆಂಟು ಹೋಗುತ್ತದೆ, ಬರುತ್ತದೆ. ತಂಪು ಕೋಣೆ ಒಮ್ಮೆ ಸೆಖೆ, ಒಮ್ಮೆ ಚಳಿ. ಅಲುಗಾಟವಿಲ್ಲದ, ಒಂದೇ ಸಮ ತಂಪಿರುವ ಜಾಗ ಬೇಕು ಅಂದಾಗ ಅವಳಿಗೆ ನೆನಪಾದದ್ದು ನಮ್ಮ ಉಗ್ರಾಣದ ಮೊಳದಪ್ಪ ಮಣ್ಣಿನ ಗೋಡೆ.

ತಟ್ಟೆ ಇಡ್ಲಿ ತಟ್ಟೆಯ ಹಾಗಿದೆ. ಗುಳಿಯಲ್ಲಿ ಉಪ್ಪುನೀರು, ಗುಳಿಯ ಬಾಯಿಗೆ ತೆಳು ಗಾಜು, ಗಾಜಿನ ಒಳಮೈಗೆ ಕಿಣ್ವದ ಒಂದು ಹನಿ ತೂಗುತ್ತಿರುತ್ತದೆ. ಗಾಳಿ ಹೋಗದಂತೆ ಸುತ್ತ ಗ್ರೀಸು. ಹನಿಯೊಳಗಿನ ನೀರು ನಿಧಾನವಾಗಿ ಕಡಿಮೆಯಾದರೆ ಕಿಣ್ವ ಹರಳಾಗಬಹುದು, ಇಲ್ಲವೇ ಕೆಟ್ಟು ಕೊಳೆಯಾಗಬಹುದು.

"ಆ ಬ್ಯಾಕ್ಟೀರಿಯಾನ ಎಲ್ಲಿಂದ ಹಿಡ್ಕೊಂಡ್ ಬಂದ್ಯೇ?" ಎಂದರು ಅತ್ತೆ, ಬಾಗಿಲಾಚೆಯಿಂದ.

"ಗಂಜಿ ಫ್ಯಾಕ್ಟರಿ ಹಿಂದಿನ ಮಣ್ಣಿಂದ ಅಜ್ಜಿ."

"ಯಾರ್‍ಯಾರು ತುಳಿದ ಮಣ್ಣೋ!"

ವಾರಕ್ಕೊಮ್ಮೆ ಹನಿಗಳನ್ನು ನೋಡುವ ಕೆಲಸ ನನ್ನದಂತೆ. "ನಾನು ಹೈಸ್ಕೂಲಲ್ಲಿ ಕನ್ನಡ ಹೇಳ್ಕೊಡೋಳು ಕಣೆ, ನನಗೇನು ತಿಳಿಯುತ್ತೆ?" ಎಂದೆ. "ಇದೆ, ಇಲ್ಲ. ಅಷ್ಟೇ ನೋಡೋದಮ್ಮ" ಎಂದಳು.

ನಾನೂ ಒಂದು ಷರತ್ತು ಹಾಕಿದೆ. ಬೇಸಿಗೆ ರಜ ಬರುವುದರೊಳಗೆ ಹರಳು ಕಾಣದಿದ್ದರೆ ನಂಜನಗೂಡಿನ ಹುಡುಗನನ್ನು ನೋಡಬೇಕು. ತಲೆಯೆತ್ತದೆ, ಹನಿ ಇಡುತ್ತಲೇ, "ಆಯ್ತು" ಎಂದುಬಿಟ್ಟಳು. ಇಪ್ಪತ್ತಾರು ತುಂಬಿದವಳ ಬಾಯಲ್ಲಿ ಈ ವಿಷಯಕ್ಕೆ ಆಯ್ತು ಬಂದದ್ದು ಇದೇ ಮೊದಲು. ಯಜಮಾನರು ತೀರಿಕೊಂಡ ಮೇಲೆ ಮಗಳ ಮದುವೆಯ ಭಾರ ನನ್ನೊಬ್ಬಳ ಮೇಲಿದೆ. ಈ ಹನಿಗಳಲ್ಲಿ ಏನೂ ಬರುವ ಹಾಗೆ ಕಾಣೆ. ಮನಸ್ಸು ಹಗುರಾಗಿದೆ.


19 ಜನವರಿ, ಗುರುವಾರ

ಸ್ಕೂಲಿನ ಮೈಕ್ರೋಸ್ಕೋಪು ಮನೆಗೆ ಬಂತು. ಹೆಡ್ಮಾಸ್ಟರು ಒಪ್ಪಿದರು, ಆದರೆ ಟಿ. ನರಸೀಪುರದಿಂದ ಬಸ್ಸಿನಲ್ಲಿ ಹೊತ್ತು ತರುವ ಸಾಮಾನಲ್ಲ ಅದು. ನಮ್ಮ ವಿಜ್ಞಾನದ ಮೇಷ್ಟ್ರು ಮಹದೇವಯ್ಯ ಸೈಕಲ್ಲಿನ ಹಿಂದೆ ಹಳೆ ಸೀರೆ ಸುತ್ತಿ ಕಟ್ಟಿಕೊಂಡು ತಂದುಕೊಟ್ಟರು. ಚಿಕ್ಕಯ್ಯನಛತ್ರದ ಕಡೆಯವರು. ನಾಲ್ಕು ವರ್ಷದಿಂದ ಒಂದೇ ಸ್ಟಾಫ್ ರೂಮಿನಲ್ಲಿ ಕೂರುತ್ತೇವೆ.

ಜಗಲಿಯ ಮೇಲೇ ಇಟ್ಟು, ಸತ್ತ ಇರುವೆಯೊಂದನ್ನು ಗಾಜಿನ ಮೇಲೆ ಹಾಕಿ, ಯಾವ ತಿರುಪು ಯಾವ ಕಡೆಗೆ ಎಂದು ತೋರಿಸಿದರು. ಒಳಗಿನಿಂದ ಅತ್ತೆ ಮೆಲ್ಲಗೆ, "ಯಾರ ಪೈಕಿ?" ಎಂದು ಕೇಳಿದರು. ಹೇಳಿದೆ. ನಾನು ಕೆಲಸದವರಿಗಿಟ್ಟಿರುವ ಲೋಟದಲ್ಲಿ ಕಾಫಿ ತಂದು ಜಗಲಿಗೇ ಕೊಟ್ಟೆ.

"ಕಾಫಿ ಬುಟ್ಬುಟ್ಟಿವ್ನಿ ಮೇಡಂ" ಎಂದರು ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಇವತ್ತು ಬೆಳಿಗ್ಗೆ ಕೂಡ ಕುಡಿದರಲ್ಲ! ಹೊಟ್ಟೆ ಸರಿಯಿರಲಿಲ್ಲವೋ ಏನೋ.


22 ಜನವರಿ, ಭಾನುವಾರ

ಮೊದಲ ಸಲ ಹನಿ ನೋಡಿದೆ. ಕಪ್ಪು ಬಿದಿರುಮೆಳೆಯ ಹಾಗೆ ಏನೋ ದಟ್ಟವಾಗಿ ಕಂಡು ಎದೆ ಧಸಕ್ಕೆಂದಿತು. ಕಣ್ಣು ಮಿಟುಕಿಸಿದರೆ ಮೆಳೆಯೂ ಮಿಟುಕಿತು. ನನ್ನದೇ ರೆಪ್ಪೆ.

ಹನಿಗಳಲ್ಲಿ: ಇಲ್ಲ.


5 ಫೆಬ್ರವರಿ, ಭಾನುವಾರ

ಒಂದು ತಟ್ಟೆಯ ಹನಿಗಳೆಲ್ಲ ಒಡೆದ ಹಾಲಿನ ಹಾಗಿವೆ. ಇನ್ನೊಂದರಲ್ಲಿ ಏನೂ ಇಲ್ಲ. ಸಂಜೆ ಕೂತು ಚಂಪಕಳ ಜಾತಕವನ್ನು ಎರಡು ನಕಲು ಬರೆದು ಒಂದನ್ನು ನಂಜನಗೂಡಿಗೆ ಕಳಿಸಿದೆ. ಹುಡುಗ ಅನಂತಪದ್ಮನಾಭ, ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರು. ಒಬ್ಬನೇ ಮಗ. ಮನೆ ದೇವಸ್ಥಾನದ ಹತ್ತಿರ. ಇನ್ನೇನು ಬೇಕು?


19 ಫೆಬ್ರವರಿ, ಭಾನುವಾರ

ಇದೆ! ಮೂಲೆಯ ಹನಿಯಲ್ಲಿ ಸೂಜಿಯಂಥವು ನಾಲ್ಕಾರು. ಗಾಜಿನಂತೆ ಹೊಳೆಯುತ್ತಿವೆ. ಅತ್ತೆಗೆ ಹೇಳಿದೆ. "ಹಾಗಾದ್ರೆ ನಂಜನಗೂಡು?" ಎಂದರು. ಹೌದಲ್ಲ, ಅದೊಂದು ಇದೆ. ಆದರೂ ನಾಳೆ ಪೋಸ್ಟಾಫೀಸಿನಿಂದ ಟ್ರಂಕ್ ಕಾಲ್ ಮಾಡಬೇಕು. ಇದ್ದದ್ದನ್ನು ಇಲ್ಲ ಅನ್ನುವುದಕ್ಕಾಗುತ್ತದೆಯೇ?


26 ಫೆಬ್ರವರಿ, ಭಾನುವಾರ

ಚಂಪಕ ಓಡಿಬಂದಳು. ಮೈಕ್ರೋಸ್ಕೋಪಿನಡಿ ಗಾಜು ಎತ್ತಿ, ಸೂಜಿಯ ಮೊನೆಯಿಂದ ಒಂದು ಹರಳನ್ನು ಒತ್ತಿದಳು. "ಕಿಣ್ವದ್ದಾದ್ರೆ ಮೆತ್ತಗೆ ಪುಡಿಯಾಗುತ್ತಮ್ಮ, ಅದರಲ್ಲಿ ಅರ್ಧ ನೀರೇ ಇರೋದು" ಎನ್ನುತ್ತಿದ್ದಳು. ಟಕ್ ಎಂದು ಸದ್ದು ನನಗೂ ಕೇಳಿಸಿತು.

"ಉಪ್ಪು" ಎಂದಳು.

ಬರೀ ಉಪ್ಪಿನ ಹರಳು. ಅವಳು ಅಲ್ಲೇ ನೆಲದ ಮೇಲೆ, ಹುಣಸೆಹಣ್ಣಿನ ಜಾಡಿಗೆ ಒರಗಿ ಕೂತುಬಿಟ್ಟಳು. ಲ್ಯಾಬಿನಲ್ಲಿ ಅವಳ ಪ್ರೊಫೆಸರು ಹೇಳಿದ್ದಾರಂತೆ: ಮೇ ತಿಂಗಳವರೆಗೆ ನೋಡು, ಆಗದಿದ್ದರೆ ಬೇರೆ ವಿಷಯ ಹಿಡಿ, ನಿನ್ನ ವರ್ಷ ಹಾಳಾಗುವುದು ಬೇಡ. ಎರಡು ವರ್ಷ ಬ್ಯಾಕ್ಟೀರಿಯಾ ಬೆಳೆಸಿ, ಸೋಸಿ, ಶುದ್ಧ ಮಾಡಿದ ಕಿಣ್ವದಲ್ಲಿ ಇನ್ನು ಉಳಿದಿರುವುದು ಒಂದು ಕಾಲುಚಮಚವಂತೆ.

ನನಗೆ ಸಂತೋಷವಾಗಬೇಕಿತ್ತು. ಒಲೆಯ ಮುಂದೆ ನಿಂತು ಅವಲಕ್ಕಿಗೆ ಒಗ್ಗರಣೆ ಹಾಕಿದೆ. ಒಂದು ತುತ್ತು ತಿಂದು ಚಂಪಕ ನನ್ನ ಮುಖ ನೋಡಿದಳು. "ಅಮ್ಮ, ಇದರಲ್ಲಾದ್ರೂ ಉಪ್ಪು ಇರಬೇಕಿತ್ತಲ್ಲ!"

ಮೂವರಿಗೂ ನಗು ಬಂದುಬಿಟ್ಟಿತು. ಅತ್ತೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗುತ್ತ ನಗುತ್ತಲೇ ಅವಳು ಅತ್ತಳು.


11 ಮಾರ್ಚ್, ಭಾನುವಾರ

ಉಳಿದ ಕಿಣ್ವವನ್ನೆಲ್ಲ ತಂದಿದ್ದಳು. ಈ ಸಲ ಉಪ್ಪು ಕಡಿಮೆ, ಹನಿಗಳೂ ಕಡಿಮೆ. ಒಂದೇ ತಟ್ಟೆ. ಹನಿಗಳನ್ನು ಅವಳು ಇಟ್ಟಳು. ಗಾಜಿನ ಅಂಚಿಗೆ ಗ್ರೀಸು ಹಚ್ಚುವುದನ್ನು ನಾನು ಮಾಡಿದೆ. ದೋಸೆಕಲ್ಲಿಗೆ ಎಣ್ಣೆ ಸವರಿದ ಕೈ, ತೆಳ್ಳಗೆ ಚೆನ್ನಾಗಿ ಬಂತು.

ಅತ್ತೆ ಉಗ್ರಾಣದ ಪಕ್ಕದ ಒರಳಿನಲ್ಲಿ ಕುಟ್ಟುವುದನ್ನು ನಿಲ್ಲಿಸಿ ಹಿತ್ತಿಲಿಗೆ ಹೋಗಿ ಕುಟ್ಟಿದರು. ಯಾರೂ ಹೇಳಿರಲಿಲ್ಲ.


15 ಮಾರ್ಚ್, ಗುರುವಾರ

ಒಂದು ಹನಿಯೊಳಗೆ ಎಣ್ಣೆಯ ಗುಳ್ಳೆಯಂಥದ್ದು ಕಾಣುತ್ತಿದೆ. ಒಳ್ಳೆಯದೋ ಕೆಟ್ಟದ್ದೋ ತಿಳಿಯದು. ಸ್ಟಾಫ್ ರೂಮಿನಲ್ಲಿ ಮಹದೇವಯ್ಯನವರನ್ನು, ಭಾನುವಾರ ಬಂದು ನೋಡುತ್ತೀರಾ ಎಂದು ಕೇಳಿದೆ.

"ಬತ್ತೀನಿ ಮೇಡಂ. ಕಾಫಿ ಮಾತ್ರ ಬ್ಯಾಡಿ."

"ಯಾಕೆ? ಈಗ ಕುಡೀತಿದ್ದೀರಲ್ಲ?"

ಅವರು ಕೈಯಲ್ಲಿದ್ದ ಲೋಟವನ್ನು ನೋಡಿ ನಕ್ಕರು. ಸಿಟ್ಟಿನ ನಗುವಲ್ಲ. "ಇಲ್ಲಿ ಎಲ್ರುದೂ ಒಂದೇ ಥರ ಲೋಟ ಮೇಡಂ. ಅಲ್ಲಿ ನಂದು ಬ್ಯಾರೆ ಇತ್ತು. ಅಷ್ಟೇಯ."

ನಮ್ಮತ್ತೆಯ ಮಡಿ ಜಾಸ್ತಿ ಅನ್ನಬೇಕೆಂದು ಬಾಯಿ ತೆರೆದೆ. ಲೋಟ ಆರಿಸಿ ತೆಗೆದವಳು ನಾನೇ ಅನ್ನುವುದು ನೆನಪಾಗಿ ಮುಚ್ಚಿದೆ. ಆಮೇಲೆ ಎರಡು ಪೀರಿಯಡ್ಡು ಏನು ಪಾಠ ಮಾಡಿದೆನೋ ಗೊತ್ತಿಲ್ಲ.


18 ಮಾರ್ಚ್, ಭಾನುವಾರ

ಎಣ್ಣೆಗುಳ್ಳೆಯಿಂದ ಕೆಡುಕಿಲ್ಲವಂತೆ. ಮಹದೇವಯ್ಯನವರು ಉಗ್ರಾಣದ ನೆಲದಲ್ಲಿ ಮಂಡಿಯೂರಿ ಪ್ರತಿಯೊಂದು ಹನಿಯನ್ನೂ ನೋಡಿದರು. ಹನಿ ಕಾಣಬೇಕಾದರೆ ಕೆಳಗಿನ ಕನ್ನಡಿಗೆ ಬೆಳಕು ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟರು. ಇಷ್ಟು ದಿನ ನಾನು ಅರ್ಧ ಕತ್ತಲಲ್ಲೇ ನೋಡುತ್ತಿದ್ದೆ. ಅವರೂ ಇಂಥದ್ದನ್ನು ನೋಡಿದ್ದು ಇದೇ ಮೊದಲಂತೆ. "ಪುಸ್ತಕದಾಗೆ ಎರಡು ಲೈನ್ ಇರ್ತದೆ ಮೇಡಂ, ಕಿಣ್ವ ಅಂತ. ಮಕ್ಕಳಿಗೆ ಅದನ್ನೇ ಒದರ್ಸಿ ಒದರ್ಸಿ ಸಾಕಾಗೋಗಿತ್ತು" ಎಂದರು.

ಅತ್ತೆ ಹೊರಗೆ ಬರಲಿಲ್ಲ. ನಡುಮನೆಯಲ್ಲಿ ಕೂತು ನಾನೂ ಮೇಷ್ಟ್ರೂ ಒಂದೇ ಥರದ ಲೋಟದಲ್ಲಿ ಕಾಫಿ ಕುಡಿದೆವು. ಸಕ್ಕರೆ ಸ್ವಲ್ಪ ಜಾಸ್ತಿ ಆಯಿತು ಎಂದರು. ಮುಂದಿನ ಸಲಕ್ಕೆ ನೆನಪಿಡಬೇಕು.

ಹನಿಗಳಲ್ಲಿ: ಇಲ್ಲ.


25 ಮಾರ್ಚ್, ಭಾನುವಾರ

ನಂಜನಗೂಡಿಗೆ ಹೋಗಿಬಂದೆ. ಜಾತಕ ಕೂಡಿದೆಯಂತೆ, ಮಾತಾಡಿ ಹೋಗಿ ಎಂದು ಹೇಳಿಕಳಿಸಿದ್ದರು. ಬಿಸಿಲೆಂದರೆ ಬಿಸಿಲು. ಹುಡುಗನ ತಾಯಿ ಪಾನಕ ಕೊಟ್ಟರು, ರಸಬಾಳೆ ಕೊಟ್ಟರು, ಬೆಳ್ಳಿ ತಟ್ಟೆ ತೋರಿಸಿದರು. ಮನೆ ಸ್ವಚ್ಛ, ಮಾತು ಮೃದು.

ಅನಂತಪದ್ಮನಾಭ ಇಸ್ತ್ರಿಯ ಷರಟು ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ. "ಅವರು ಯಾವ ವಿಷಯದ ಮೇಲೆ ಕೆಲಸ ಮಾಡ್ತಿದಾರೆ?" ಎಂದು ಕೇಳಿದ. ನಾನು ಒಂದು ಮಾತಿನಲ್ಲಿ ಹೇಳಿ ಮುಗಿಸೋಣವೆಂದೇ ಹೊರಟೆ. ಬ್ಯಾಕ್ಟೀರಿಯಾದಿಂದ ಶುರುವಾಗಿ, ತೂಗುವ ಹನಿ, ಒಡೆದ ಹಾಲು, ಉಪ್ಪಿನ ಹರಳಿನ ಟಕ್, ಎಕ್ಸ್-ರೇ ಎಲ್ಲ ಆಯಿತು. ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಹನಿ ಹೇಗೆ ತೂಗುತ್ತದೆಂದೂ ತೋರಿಸಿದೆನಂತೆ. ಅದು ನನಗೆ ನೆನಪಿಲ್ಲ, ಬಸ್ ಸ್ಟ್ಯಾಂಡಿಗೆ ಬಿಡಲು ಬಂದಾಗ ಹುಡುಗನೇ ನಗುತ್ತ ಹೇಳಿದ.

ಅವನ ತಾಯಿ ಸಹನೆಯಿಂದ ಕೇಳಿಸಿಕೊಂಡು, "ಅದೆಲ್ಲ ಈಗಿನ ಮಾತಾಯ್ತು. ಮದುವೆ ಆದ್ಮೇಲೆ ಒಂದು ಬಿ.ಎಡ್ ಮಾಡಿಸಿಬಿಟ್ರೆ ಇಲ್ಲೇ ಸ್ಕೂಲಲ್ಲಿ ಸೇರಿಸಬಹುದು. ಮನೆ ಹತ್ರಾನೂ ಆಗುತ್ತೆ. ನಿಮ್ಮ ಹಾಗೇ" ಎಂದರು.

ಕೆಟ್ಟ ಮಾತೇನಲ್ಲ. ಜನವರಿಯಲ್ಲಿ ಕೇಳಿದ್ದರೆ ನಾನೇ ಕೈ ಮುಗಿಯುತ್ತಿದ್ದೆನೋ ಏನೋ.

"ಆಗೋಲ್ಲಮ್ಮ. ಅವಳ ಕೆಲಸ ಅರ್ಧಕ್ಕೆ ನಿಂತಿದೆ. ಹನಿ ಈಗ ತಾನೇ ತಿಳಿಯಾಗಿದೆ" ಎಂದೆ.

"ಯಾವ ಹನಿ?" ಎಂದರು.

ಬಸ್ ಹತ್ತುವಾಗ ಹುಡುಗ, "ಅವರಿಗೆ ಕೆಲಸ ಬಿಡಿಸಬೇಡಿ" ಎಂದು ಮೆಲ್ಲಗೆ ಹೇಳಿದ. ಒಳ್ಳೆಯ ಹುಡುಗ. ಅವನಿಗೆ ಒಳ್ಳೆಯ ಹೆಣ್ಣು ಸಿಗಲಿ. ಅತ್ತೆಗೆ ಎರಡೇ ಮಾತಿನಲ್ಲಿ ಹೇಳಿ ಉಗ್ರಾಣಕ್ಕೆ ಹೋದೆ.

ಇಲ್ಲ.


8 ಏಪ್ರಿಲ್, ಭಾನುವಾರ

ಇದೆ ಅನ್ನಲೇ? ಎರಡನೇ ಸಾಲಿನ ಹನಿಯಲ್ಲಿ ಒಂದು ಚುಕ್ಕೆ. ಕಸವೂ ಇರಬಹುದು. ಯಾರಿಗೂ ಹೇಳಿಲ್ಲ.


13 ಏಪ್ರಿಲ್, ಶುಕ್ರವಾರ

ಕಸ ಬೆಳೆಯುವುದಿಲ್ಲ. ಇದು ಬೆಳೆಯುತ್ತಿದೆ. ಅಂಚುಗಳು ನೆಟ್ಟಗಿವೆ, ಯಾರೋ ಚಾಕು ಹಿಡಿದು ಕತ್ತರಿಸಿದ ಹಾಗೆ. ಪಕ್ಕದ ಹನಿಯಲ್ಲೂ ಇನ್ನೆರಡು ಮರಿಗಳು.

ರಜ ಶುರುವಾಗಿದೆ. ದಿನಕ್ಕೊಂದು ಸಲ ನೋಡುತ್ತೇನೆ. ಎರಡು ಸಲ ಅಂದರೂ ತಪ್ಪಿಲ್ಲ. ಮೈಕ್ರೋಸ್ಕೋಪಿನ ಒಂದು ಕಾಲಿನ ಕೆಳಗೆ ಹಲಗೆ ತಗ್ಗಾಗಿದೆ, ಅಲ್ಲಾಡುತ್ತದೆ. ಕೈಗೆ ಸಿಕ್ಕಿದ ಕಾಗದ ಮಡಿಸಿ ಇಟ್ಟೆ.

ಇವತ್ತು ಅತ್ತೆ ತಾವಾಗಿಯೇ ಬಂದು, "ಎಲ್ಲಿ, ನಾನೂ ನೋಡ್ತೀನಿ" ಎಂದರು. ಎಪ್ಪತ್ತಮೂರರ ಕಣ್ಣು. ತಿರುಪು ತಿರುಗಿಸುತ್ತ ಕಾಣಿಸಿತೇ, ಕಾಣಿಸಿತೇ ಎಂದು ಕೇಳುತ್ತಲೇ ಇದ್ದೆ. ಬಹಳ ಹೊತ್ತಾದ ಮೇಲೆ ಅವರ ಬಾಯಿ ಸ್ವಲ್ಪ ತೆರೆದುಕೊಂಡಿತು.

"ಕಲ್ಲುಸಕ್ಕರೆ!"

ಆಮೇಲೆ ಬಗ್ಗಿ ಆ ಕಾಗದವನ್ನು ನೋಡಿ, "ಪುಟ್ಟಲಕ್ಷ್ಮೀ, ಇದು ಚಂಪಕನ ಜಾತಕ ಅಲ್ವೇನೆ?" ಎಂದರು.

ಹೌದು, ನಕಲು. ತೆಗೆದರೆ ಅಲ್ಲಾಡುತ್ತದೆ. ಇರಲಿ ಎಂದೆ.


20 ಏಪ್ರಿಲ್, ಶುಕ್ರವಾರ

ಮಲಗುವ ಮೊದಲು ಬರೆದುಬಿಡುತ್ತೇನೆ.

ಮಹದೇವಯ್ಯನವರು ಮಧ್ಯಾಹ್ನ ಬಂದರು. ಸ್ಕೂಲಿನಲ್ಲಿ ಸಾಮಾನುಗಳ ತಪಾಸಣೆಯಿದೆ, ಮೈಕ್ರೋಸ್ಕೋಪನ್ನು ಸೋಮವಾರದೊಳಗೆ ಒಪ್ಪಿಸಬೇಕು. ಹಿತ್ತಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದು, "ಕೊನೇ ಸಲ ನೋಡ್ಬುಡನ" ಎಂದು ಉಗ್ರಾಣಕ್ಕೆ ಹೋದರು. ಹರಳು ಈಗ ಬರಿಗಣ್ಣಿಗೂ ಉಪ್ಪಿನ ಕಣದಷ್ಟು ಕಾಣುತ್ತದೆ. ಚಂಪಕಳಿಗೆ ಸುದ್ದಿ ಮುಟ್ಟಿದೆ, ಭಾನುವಾರ ಬರುತ್ತಾಳೆ.

ಅಷ್ಟರಲ್ಲಿ ಅಶ್ವಿನಿ ಮಳೆ. ಮೊದಲು ಗಾಳಿ. ನಾನು ಒಣಹಾಕಿದ ಹಪ್ಪಳ ತರಲು ಹಿತ್ತಿಲಿಗೆ ಓಡಿದೆ. ತೆಂಗಿನಗರಿಯೊಂದು ಮುರಿದು ಉಗ್ರಾಣದ ಸೂರಿನ ಮೇಲೆ ಬಿತ್ತು. ಒಳಗೆ ಬರುವಷ್ಟರಲ್ಲಿ ಹೆಂಚು ಸರಿದು, ತಟ್ಟೆಗೆ ಒಂದು ಗೇಣು ಆಚೆ ನೀರು ಧಾರೆ ಕಟ್ಟಿ ಸುರಿಯುತ್ತಿತ್ತು. ಮಹದೇವಯ್ಯನವರು ತಟ್ಟೆಯ ಮೇಲೆ ಬಗ್ಗಿ, ಬೆನ್ನನ್ನೇ ಛತ್ರಿ ಮಾಡಿಕೊಂಡು ನಿಂತಿದ್ದರು. ನೀರು ಅವರ ಕಾಲರಿನಿಂದ ಇಳಿಯುತ್ತಿತ್ತು.

"ಒಬ್ರೇ ಎತ್ತಿದ್ರೆ ವಾಲ್ತದೆ ಮೇಡಂ. ಆ ಕಡೆ ಹಿಡ್ಕಳಿ."

ಹಿಡಿದೆ. ಎಲ್ಲಿಗೆ ಒಯ್ಯುವುದು? ನಡುಮನೆಯ ಕಿಟಕಿಯಿಂದ ಗಾಳಿ ನುಗ್ಗುತ್ತಿತ್ತು, ಅಡಿಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಉಗ್ರಾಣದಷ್ಟೇ ದಪ್ಪ ಗೋಡೆ, ಕಿಟಕಿಯಿಲ್ಲದ ತಂಪು ಇರುವುದು ಇನ್ನೊಂದೇ ಕಡೆ. ನನ್ನ ಕಾಲು ಅತ್ತಲೇ ನಡೆಯಿತು. ಇಬ್ಬರೂ ಅಡ್ಡಡ್ಡವಾಗಿ, ಏಡಿಯ ಹಾಗೆ ಹೆಜ್ಜೆ ಇಡುತ್ತ ನಡುಮನೆ ದಾಟಿದೆವು. ನಾನು ಬಗ್ಗಿ ದೇವರಮನೆಯೊಳಗೆ ಕಾಲಿಟ್ಟೆ. ಮಹದೇವಯ್ಯನವರು ಹೊಸ್ತಿಲ ಆಚೆ ನಿಂತುಬಿಟ್ಟರು.

"ಮೇಡಂ, ಇದು..."

ಅತ್ತೆ ಒಳಗೇ ಜಪಕ್ಕೆ ಕೂತಿದ್ದರು. ಅವರನ್ನು ನೋಡಿದರು, ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು.

"ಹೊಸ್ತಿಲ ಮೇಲೆ ಯಾಕೆ ನಿಂತ್ರಿ ಮೇಷ್ಟ್ರೇ? ಹನಿ ಅಲುಗುತ್ತೆ. ಬನ್ನಿ ಒಳಗೆ" ಎಂದರು ಅತ್ತೆ. ಎಂದವರೇ ಹೂವಿನ ಬುಟ್ಟಿಯನ್ನೂ ಗಂಧದ ಕಲ್ಲನ್ನೂ ಸರಿಸಿ, ಪೀಠದ ಪಕ್ಕದ ಕಟ್ಟೆಯನ್ನು ಸೆರಗಿನಿಂದ ಒರೆಸಿದರು.

ತಟ್ಟೆ ಇಟ್ಟೆವು. ಹರಳು ಇದ್ದಲ್ಲೇ ಇದೆ.

ಮಳೆ ನಿಲ್ಲುವವರೆಗೆ ಮಹದೇವಯ್ಯನವರು ನಮ್ಮ ಯಜಮಾನರ ಒಂದು ಹಳೆಯ ಪಂಚೆ ಉಟ್ಟು, ಟವಲು ಹೊದ್ದು ನಡುಮನೆಯಲ್ಲಿ ಕೂತಿದ್ದರು. ಪೆಟ್ಟಿಗೆಯಿಂದ ಪಂಚೆ ತೆಗೆದುಕೊಟ್ಟದ್ದು ಅತ್ತೆ. ಮೈಕ್ರೋಸ್ಕೋಪು ಇನ್ನು ನಾಲ್ಕು ದಿನ ಇಲ್ಲೇ ಇರಲಿ, ಹೆಡ್ಮಾಸ್ಟರಿಗೆ ನಾನು ಹೇಳ್ಕತೀನಿ ಎಂದು ಹೇಳಿ ಹೋದರು.


21 ಏಪ್ರಿಲ್, ಶನಿವಾರ

ಬೆಳಿಗ್ಗೆ ಏಳುವಷ್ಟರಲ್ಲಿ ಅತ್ತೆ ದೇವರಮನೆಯ ನೆಲ ತೊಳೆಯುತ್ತಿದ್ದರು. ನನ್ನ ಮುಖ ಸಣ್ಣದಾಯಿತು. ಸ್ವಲ್ಪ ಗಟ್ಟಿಯಾಗಿಯೇ, "ಯಾಕೆ ತೊಳೀತಿದ್ದೀರಿ?" ಎಂದು ಕೇಳಿದೆ.

"ಕೆಸರು ಕಣೆ. ಹಿತ್ತಿಲಿಂದ ಹಾಗೇ ಓಡಿಬಂದೆಯಲ್ಲ, ನಿನ್ನ ಹೆಜ್ಜೆ ನೋಡು, ಹೊಸ್ತಿಲಿಂದ ಪೀಠದವರೆಗೆ! ಆ ಮೇಷ್ಟ್ರಾದ್ರೂ ಕಾಲು ತೊಳ್ಕೊಂಡ್ ಬಂದಿದ್ರು."

ತಟ್ಟೆಯ ಸುತ್ತ ಮಾತ್ರ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದ್ದರು, ಅಲುಗದ ಹಾಗೆ.


22 ಏಪ್ರಿಲ್, ಭಾನುವಾರ

ಚಂಪಕ ಬಂದಳು. ಮರಿ ಹರಳುಗಳಲ್ಲಿ ಒಂದನ್ನು ಸೂಜಿಯಿಂದ ಒತ್ತಿದಳು. ಮೂವರೂ ಕಿವಿಗೊಟ್ಟಿದ್ದೆವು. ಸದ್ದೇ ಇಲ್ಲ. ಹಳೆಯ ಖೋವಾದ ಹಾಗೆ ಮೆತ್ತಗೆ ಬಿರಿದು ಪುಡಿಯಾಯಿತು.

ಚಂಪಕ ಸೂಜಿಯನ್ನು ಕೆಳಗಿಟ್ಟು ನನ್ನ ಹೆಗಲ ಮೇಲೆ ಹಣೆಯಿಟ್ಟಳು. ಚಿಕ್ಕವಳಿದ್ದಾಗ ಜ್ವರ ಬಂದರೆ ಹಾಗೆ ಇಡುತ್ತಿದ್ದಳು.

ದೊಡ್ಡ ಹರಳನ್ನು ಹೊಲಿಗೆಸೂಜಿಯಷ್ಟು ದಪ್ಪದ ಗಾಜಿನ ನಳಿಗೆಯೊಳಗೆ ಎಳೆದುಕೊಂಡು, ಹಿಂದೆ ಮುಂದೆ ಸ್ವಲ್ಪ ಅದೇ ಹನಿಯ ನೀರು ಬಿಟ್ಟು, ಎರಡು ತುದಿಗೂ ಮೇಣ ಹಾಕಿದಳು. ಆ ನೀರಿಗೆ ಇಂಗ್ಲಿಷಿನಲ್ಲಿ ತಾಯಿನೀರು ಎಂಬ ಅರ್ಥದ ಹೆಸರಿದೆಯಂತೆ. ಅದಿಲ್ಲದಿದ್ದರೆ ಹರಳು ಒಣಗಿ ಒಡೆಯುತ್ತದೆ.

"ಹಾಗಾದ್ರೆ ತಾಯಿ ಬಿಟ್ಟು ಹೋಗಬಾರದು ಅನ್ನು" ಎಂದೆ.

"ಹೋಗಬಹುದಮ್ಮ. ಸ್ವಲ್ಪ ಜೊತೆಗೆ ಕೊಟ್ಟು ಕಳಿಸಿದ್ರೆ ಸಾಕು" ಎಂದಳು.


24 ಏಪ್ರಿಲ್, ಮಂಗಳವಾರ. ಬೆಂಗಳೂರು

ನಿನ್ನೆ ಬಸ್ಸಿನಲ್ಲಿ, ಮೈಸೂರಿನಿಂದ ರೈಲಿನಲ್ಲಿ, ಹತ್ತಿ ತುಂಬಿದ ಬಳೆಪೆಟ್ಟಿಗೆಯನ್ನು ಸರದಿಯ ಮೇಲೆ ಇಬ್ಬರೂ ಕೈಯಲ್ಲೇ ಹಿಡಿದು ಬಂದೆವು. ಚಿನ್ನ ಇರಬೇಕೆಂದು ಎದುರಿನ ಸೀಟಿನವರು ದಾರಿಯುದ್ದಕ್ಕೂ ನಮ್ಮನ್ನೇ ನೋಡುತ್ತಿದ್ದರು.

ಇವತ್ತು ಮಧ್ಯಾಹ್ನವೆಲ್ಲ ಹರಳಿಗೆ ಎಕ್ಸ್-ರೇ ಹಾಯಿಸಿದರು. ಆಮೇಲೆ ಕೆಂಪು ದೀಪದ ಕೋಣೆಯಲ್ಲಿ ಫಿಲ್ಮನ್ನು ತೊಳೆಯುವಾಗ ನನ್ನನ್ನೂ ಒಳಗೆ ಬಿಟ್ಟರು. ಬೋಗುಣಿಯ ನೀರಿನಲ್ಲಿ ಬಿಳಿ ಹಾಳೆ. ಏನೂ ಇಲ್ಲ, ಏನೂ ಇಲ್ಲ. ಆಮೇಲೆ ಒಂದು ಕಪ್ಪು ಚುಕ್ಕೆ. ಅದರ ಪಕ್ಕ ಇನ್ನೊಂದು. ನೋಡುತ್ತಿದ್ದ ಹಾಗೇ ಸಾಲು ಸಾಲು, ಅಂಚಿನವರೆಗೆ, ಯಾರೋ ಅಳೆದು ಚುಕ್ಕೆ ಇಟ್ಟ ಹಾಗೆ.

ಪ್ರೊಫೆಸರು ದೊಡ್ಡ ಉಸಿರು ಬಿಟ್ಟರು. ಚಂಪಕ ಕುಣಿದಳು. ನಾನೂ ಸ್ವಲ್ಪ.


26 ಏಪ್ರಿಲ್, ಗುರುವಾರ. ಸೋಸಲೆ

ಅತ್ತೆ ಊಟಕ್ಕೆ ಹಾಕುವುದರೊಳಗೇ ಶುರುಮಾಡಿದರು. "ಏನ್ ಕಾಣಿಸ್ತು?"

"ಚುಕ್ಕೆ."

"ಚುಕ್ಕೆ ಅಂದ್ರೆ ಅದರ ಆಕಾರವೇ?"

"ಅಲ್ಲ. ಆ ಚುಕ್ಕೆಗಳಿಂದ ಆಕಾರ ಲೆಕ್ಕ ಹಾಕೋದಕ್ಕೆ ಇನ್ನೂ ಮೂರೋ ನಾಲ್ಕೋ ವರ್ಷ ಬೇಕಂತೆ. ಹರಳು ಇನ್ನೂ ಎಷ್ಟೋ ಬೇಕಂತೆ."

"ಮತ್ತೆ ಆಕಾರ ಹೇಗಿದೆ ಅಂತ ಗೊತ್ತಾಗಲಿಲ್ಲ."

"ಇಲ್ಲ."

"ಮತ್ಯಾಕೆ ಮುಖ ಹೀಗೆ ಅರಳಿದೆ?"

"ಗೊತ್ತಾಗುತ್ತೆ ಅಂತ ಗೊತ್ತಾಯ್ತಲ್ಲ ಅತ್ತೆ."

ಅತ್ತೆ ಸಾರಿನ ಸೌಟು ಹಿಡಿದು ಯೋಚನೆ ಮಾಡಿದರು. "ನಾಲ್ಕು ವರ್ಷ ಅಂದ್ಯಾ? ಸರಿ, ಇರ್ತೀನಿ" ಎಂದರು.

ಮಹದೇವಯ್ಯನವರು ಹೆಂಚು ಸರಿಮಾಡುವವನನ್ನು ಕಳಿಸಿದ್ದಾರೆ. ಹೊಸ ಹನಿಗಳು ಬರುವುದರೊಳಗೆ ಸೂರು ಗಟ್ಟಿಯಾಗಬೇಕು.


11 ಸೆಪ್ಟೆಂಬರ್ 1988, ಭಾನುವಾರ

ಇವತ್ತು ಮನೆಯಲ್ಲಿ ಪಾಯಸ. ಚಂಪಕ ನಿನ್ನೆ ಬಂದಳು. ಅವಳ ಪ್ರಬಂಧ ಅಚ್ಚಾಗಿದೆ. ಹೆಸರಿನ ಮುಂದೆ ಡಾಕ್ಟರ್ ಬಂದು ವರ್ಷವಾಯಿತು, ಆದರೆ ಈ ಸಲ ತಂದದ್ದು ಬೇರೆ. ಲ್ಯಾಬಿನಲ್ಲಿ ತಂತಿ, ಮಣಿ ಸೇರಿಸಿ ಆ ಕಿಣ್ವದ ಮಾದರಿ ಕಟ್ಟಿದ್ದಾರೆ, ಆಳೆತ್ತರ. ಅದರ ಬಣ್ಣದ ಫೋಟೋ.

ಮಹದೇವಯ್ಯನವರೂ ಅವರ ಮನೆಯವರು ಮಂಚಮ್ಮನವರೂ ಊಟಕ್ಕೆ ಬಂದಿದ್ದರು. ನಡುಮನೆಯ ಚಾಪೆಯ ಮೇಲೆ ಎಲ್ಲರೂ ಸುತ್ತ ಕೂತೆವು. ಚಂಪಕ ಬೆರಳಿಟ್ಟು ತೋರಿಸಿದಳು: ಉದ್ದನೆಯ ಒಂದೇ ಎಳೆ, ಎಲ್ಲೂ ತುಂಡಾಗದೆ ಸುತ್ತಿ, ಮಡಿಸಿ, ಸುರುಳಿಯಾಗಿ ಒಂದು ಪೀಪಾಯಿಯಂತೆ ಕೂಡಿಕೊಂಡಿದೆ. ನಡುವೆ ಒಂದು ಹಳ್ಳ. ಗಂಜಿ ಬಂದು ಆ ಹಳ್ಳದಲ್ಲಿ ಕೂರುತ್ತದೆ, ತುಂಡಾಗಿ ಆಚೆ ಬೀಳುತ್ತದೆ.

"ಇಷ್ಟೆಲ್ಲ ಆ ಉಪ್ಪಿನ ಕಣದೊಳಗಿತ್ತಾ?" ಎಂದರು ಮಂಚಮ್ಮ.

"ಅಂಥವು ಕೋಟಿ ಕೋಟಿ ಇದ್ದವು" ಎಂದರು ಮಹದೇವಯ್ಯನವರು. "ನಾನು ಬೆನ್ ಕೊಟ್ ನಿಂತಿದ್ದೆ ಅಂತ ಹೇಳಿದ್ನಲ್ಲ, ಅವೇಯ."

ಅತ್ತೆಗೆ ಈಗ ಎಪ್ಪತ್ತೇಳು. ಒಂದು ಕಣ್ಣು ಪೂರಾ ಮಂಜು. ಫೋಟೋವನ್ನು ಇಸಿದುಕೊಂಡು, ಬಾಗಿಲ ಬೆಳಕಿಗೆ ತಿರುಗಿ, ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ಒಂದೊಂದು ಎಳೆಯನ್ನೂ ನೋಡಿದರು. ಮಂಚಮ್ಮ ಪಕ್ಕದಲ್ಲಿ ಕೂತು ಅವರ ಜೊತೆಗೇ ನೋಡುತ್ತಿದ್ದರು. ನನಗೆ ಆಗ ಕಂಡಿತು: ಫೋಟೋ ತಲೆಕೆಳಗಾಗಿದೆ.

"ಅತ್ತೆ, ಹಾಗಲ್ಲ, ತಿರುಗಿಸಿ" ಎಂದು ಕೈಚಾಚಿದೆ.

ಚಂಪಕ ನನ್ನ ಕೈ ಹಿಡಿದು ತಡೆದಳು.

"ಬಿಡಮ್ಮ, ನೋಡಲಿ. ಇದಕ್ಕೆ ಮೇಲೆ ಕೆಳಗೆ ಅಂತ ಇಲ್ಲ."